ಮಾದರಿ ವಿಮಾನ, ಮೈದಾನ ಮತ್ತು ಸರ್ಕಾರ

ಸರ್ಕಾರ ಸುರಕ್ಷತಾ ನಿಯಮ ತಂದಾಗ ಹವ್ಯಾಸಿಗಳು ಸಿಡಿದೆದ್ದರೆ, ಅವರಿಗೆ ಜವಾಬ್ದಾರಿಯೇ ಬೇಡವೆಂದು ತೀರ್ಮಾನಿಸಿಬಿಡುತ್ತೇವೆ. ಅಮೆರಿಕದ ಮಾದರಿ ವಿಮಾನ ಹವ್ಯಾಸಿಗಳ ಮಟ್ಟಿಗೆ ಇದು ಅನ್ಯಾಯದ ಮಾತು. ಕಾನೂನು ಬರುವ ಎಷ್ಟೋ ಮೊದಲೇ ತಮಗೆ ತಾವೇ ಕಟ್ಟುಪಾಡು ಹಾಕಿಕೊಂಡವರು ಅವರು.

72 ಮೆಗಾಹರ್ಟ್ಸ್ ರೇಡಿಯೊ ಕಾಲದಲ್ಲಿ ಹಲವು ಕ್ಲಬ್ ಮೈದಾನಗಳ ಅಂಚಿನಲ್ಲಿ ಒಂದು ಹಲಗೆ ಇರುತ್ತಿತ್ತು. ಅದರ ಮೇಲೆ ಚಾನೆಲ್ ಸಂಖ್ಯೆ ಬರೆದ ಬಟ್ಟೆ ಕ್ಲಿಪ್ಪುಗಳು. ನಿಮ್ಮ ಚಾನೆಲ್ಲಿನ ಕ್ಲಿಪ್ ಕೈಗೆ ಬರುವ ತನಕ ಟ್ರಾನ್ಸ್‌ಮಿಟರ್ ಆನ್ ಮಾಡುವಂತಿಲ್ಲ. ಅದೇ ಚಾನೆಲ್ಲಿನಲ್ಲಿ ಇನ್ನೊಬ್ಬರು ಸ್ವಿಚ್ ಒತ್ತಿದರೆ ಮೇಲಿರುವ ವಿಮಾನ ಹಿಡಿತ ತಪ್ಪುತ್ತದೆ. ತಿಂಗಳುಗಟ್ಟಲೆ ಬಾಲ್ಸಾ ಕಡ್ಡಿ ಅಂಟಿಸಿ ಕಟ್ಟಿದ್ದು ಚೂರುಚೂರು. ಕೆಳಗೆ ಜನರಿದ್ದರಂತೂ ಕೇಳುವುದೇ ಬೇಡ. ಹಾಗಾಗಿ ಎಲ್ಲರೂ ಒಂದೆಡೆ ಸೇರಲೇಬೇಕಿತ್ತು, ಒಬ್ಬರ ಮೇಲೊಬ್ಬರು ಕಣ್ಣಿಡಲೇಬೇಕಿತ್ತು. 1936ರಲ್ಲಿ ಹುಟ್ಟಿದ ಅಕಾಡೆಮಿ ಆಫ್ ಮಾಡೆಲ್ ಏರೊನಾಟಿಕ್ಸ್‌ನ ಸುರಕ್ಷತಾ ಸಂಹಿತೆಗೆ ಬಲ ಬಂದದ್ದು ಈ ಒಡನಾಟದಿಂದ. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 1981ರಲ್ಲಿ ಕೊಟ್ಟದ್ದು ಬರೀ ಸಲಹೆ: 400 ಅಡಿ ದಾಟಬೇಡಿ, ವಿಮಾನ ನಿಲ್ದಾಣ ಹತ್ತಿರವಿದ್ದರೆ ತಿಳಿಸಿ.

2.4 ಗಿಗಾಹರ್ಟ್ಸ್ ರೇಡಿಯೊ ಬಂದು ಕ್ಲಿಪ್ಪಿನ ಅಗತ್ಯವೇ ಹೋಯಿತು. ಅದರ ಬೆನ್ನಿಗೆ ತನ್ನಷ್ಟಕ್ಕೆ ತಾನೇ ಸಮತೋಲ ಕಾಯ್ದುಕೊಳ್ಳುವ ಡ್ರೋನ್ ಬಂತು. ಕಲಿಸುವವರೂ ಬೇಡ, ಕ್ಲಬ್ಬೂ ಬೇಡ; ಪೆಟ್ಟಿಗೆ ಬಿಚ್ಚಿ ಮನೆಯಂಗಳದಿಂದಲೇ ಹಾರಿಸಬಹುದು. ಸರ್ಕಾರ ಇದಕ್ಕೆ ಬೆಚ್ಚಿದ್ದು ತಪ್ಪೆಂದು ನಾನು ಹೇಳಲಾರೆ. ಆದರೆ 2015ರ ಡಿಸೆಂಬರಿನಲ್ಲಿ ನೋಂದಣಿ ಕಡ್ಡಾಯವಾದಾಗ, 250 ಗ್ರಾಂ ಮೀರಿದ ಡ್ರೋನಿಗೂ ಬಾಲ್ಸಾ ಗ್ಲೈಡರಿಗೂ ಒಂದೇ ನಿಯಮ. 5 ಡಾಲರ್ ಶುಲ್ಕ ಯಾರಿಗೂ ಹೊರೆಯಲ್ಲ. ದಶಕಗಳ ಶಿಸ್ತು ಲೆಕ್ಕಕ್ಕೇ ಬರಲಿಲ್ಲವೆಂಬುದು ಹವ್ಯಾಸಿಗಳನ್ನು ನೋಯಿಸಿತು.

ಹವ್ಯಾಸಿಯೊಬ್ಬರು ಕೋರ್ಟಿಗೆ ಹೋದರು. ಮಾದರಿ ವಿಮಾನಕ್ಕೆ ಹೊಸ ನಿಯಮ ಮಾಡಕೂಡದೆಂದು 2012ರ ಕಾಯ್ದೆಯೇ ಹೇಳಿತ್ತು. 2017ರ ಮೇ ತಿಂಗಳಲ್ಲಿ ಗೆದ್ದರು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಕಾಂಗ್ರೆಸ್ ನೋಂದಣಿಯನ್ನು ಮರಳಿ ತಂದಿತು, ಮರುವರ್ಷ 2012ರ ಕಾಯ್ದೆಯ ಆ ರಕ್ಷಣೆಯನ್ನೇ ಕಿತ್ತುಹಾಕಿತು. ‘ನಮ್ಮ ತಂಟೆಗೆ ಬರಬೇಡಿ’ ಎನ್ನುವವರ ಬಳಿ, ಮೈದಾನದಾಚೆ ಹಾರಿಸುವವನನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರವಿರಲಿಲ್ಲ.

ಮುಂದಿನ ಹೋರಾಟದಲ್ಲಿ ಉತ್ತರ ಇತ್ತು. ಹಾರುವಾಗಲೇ ತನ್ನ ಗುರುತು ಬಿತ್ತರಿಸಬೇಕೆಂಬ ರಿಮೋಟ್ ಐಡಿ ಕರಡು 2019ರ ಕೊನೆಗೆ ಹೊರಬಿತ್ತು. ಕ್ಲಬ್ ಮೈದಾನಗಳಿಗೆ ವಿನಾಯಿತಿ ಕೇಳಲು ಅದರಲ್ಲಿದ್ದದ್ದು ಒಂದೇ ವರ್ಷದ ಅವಕಾಶ. ಇರುವ ಮೈದಾನ ಕೈತಪ್ಪಿದರೆ ಮತ್ತೊಂದಕ್ಕೆ ದಾರಿಯಿಲ್ಲ. ಹವ್ಯಾಸ ತಾನಾಗಿಯೇ ಸೊರಗಬೇಕು. ಕರಡಿಗೆ 50 ಸಾವಿರಕ್ಕೂ ಹೆಚ್ಚು ಅಭಿಪ್ರಾಯಗಳು ಬಂದವು. 2021ರ ಅಂತಿಮ ನಿಯಮದಲ್ಲಿ ಆ ಗಡುವು ಬಿದ್ದುಹೋಯಿತು, ಶಿಕ್ಷಣ ಸಂಸ್ಥೆಗಳೂ ಅರ್ಜಿ ಹಾಕಬಹುದೆಂದಾಯಿತು. ಕೋರ್ಟಿನ ಗೆಲುವಿಗಿಂತ ಇದನ್ನೇ ನಾನು ದೊಡ್ಡದೆನ್ನುತ್ತೇನೆ. ನಾಲ್ಕು ಜನರ ಕಣ್ಣೆದುರು ಹಾರಿಸುವ ಜಾಗವೇ ಸುರಕ್ಷತೆಯ ಸಾಧನವೆಂದು ಕಾನೂನು ಒಪ್ಪಿಕೊಂಡಿತಲ್ಲ!

ಇನ್ನು ಭಾರತಕ್ಕೆ ಬಂದರೆ, ನಮ್ಮ 2021ರ ಡ್ರೋನ್ ನಿಯಮಗಳು ಮಾದರಿ ವಿಮಾನವನ್ನು ತೂಕ, ಉದ್ದೇಶ ಮತ್ತು ಕಣ್ಣಳತೆಯಿಂದ ಗುರುತಿಸುತ್ತವೆ. 25 ಕಿಲೋ ಒಳಗಿನದನ್ನು ಕಲಿಕೆಗೋ ಮನರಂಜನೆಗೋ ಕಣ್ಣಿಗೆ ಕಾಣುವಷ್ಟು ದೂರದಲ್ಲಿ ಹಾರಿಸಿದರೆ ಸಾಕು. ಆ ವ್ಯಾಖ್ಯೆಯಲ್ಲಿ ಮೈದಾನದ ಮಾತಿಲ್ಲ. ನಮ್ಮ ಹವ್ಯಾಸಿಗಳು ಸರ್ಕಾರದ ಮುಂದೆ ಮೊದಲು ಇಡಬೇಕಾದ ಬೇಡಿಕೆ ಅದು: ಊರಾಚೆ ಗುರುತಿಸಿದ ಜಾಗ, ಅದನ್ನು ನೋಡಿಕೊಳ್ಳುವ ಕ್ಲಬ್, ತಪ್ಪಿದವರನ್ನು ತಡೆಯುವ ಅಧಿಕಾರ.