ದುಡಿಮೆಯೇ ಚಂದಾ ಆದಲ್ಲಿ ಮತ ಯಾರದು?

ಬೇಗಂ ಬಜಾರಿನ ಹಿತ್ತಾಳೆ ಪಾತ್ರೆಗಳ ಸಗಟು ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಬೀದರದ ತರುಣನೊಬ್ಬ ನನಗೆ ಪರಿಚಿತ. ಹಗಲೆಲ್ಲ ಹಿಂದಿ, ತೆಲುಗು, ಮಾರವಾಡಿಗಳ ನಡುವೆ ದುಡಿಯುವ ಈತ, ರಾತ್ರಿ ಮುಕ್ತ ತಂತ್ರಾಂಶವೊಂದರ ಸೂಚನೆಗಳನ್ನು ಕನ್ನಡಕ್ಕೆ ತರುತ್ತಾನೆ. ನಾಲ್ಕು ವರ್ಷಗಳ ಈ ಸೇವೆಗೆ ಕಾಸನ್ನು ಬಯಸಿದವನಲ್ಲ. ಆದರೆ ಆ ಯೋಜನೆಯ ಆಡಳಿತ ಮಂಡಳಿಗೆ ಚುನಾವಣೆ ಬಂದಾಗ ಮತದಾರರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಪ್ರೋಗ್ರಾಂ ಬರೆದವರಿಗಷ್ಟೇ ಮತವೆಂಬುದು ಅಲ್ಲಿಯ ನಿಯಮ. "ನಾ ಮಾಡಿದ್ದು ಕೆಲಸ ಅಲ್ಲೇನ್ರಿ, ಸಾಹೇಬ್ರೆ?" ಎಂದು ಅವನು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ.

ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದುದು ಮುಕ್ತ ತಂತ್ರಾಂಶ. ನಮ್ಮ ಸಂಘಗಳಲ್ಲಿ ಚಂದಾ ಕೊಟ್ಟವರಿಗೆ ಮತವುಂಟು. ಸಂವಿಧಾನದ 326ನೆಯ ವಿಧಿ ವಯಸ್ಕ ಪೌರರಿಗೆ ಮತ ನೀಡಿದೆ. ಇಂಥ ಯೋಜನೆಗಳಲ್ಲಿ ದುಡಿಮೆಯೇ ಚಂದಾ. ಆದುದರಿಂದ ಯಾವುದು ದುಡಿಮೆ ಎಂದು ನಿರ್ಧರಿಸುವವರೇ ಯಾರು ಮತದಾರರೆಂಬುದನ್ನೂ ನಿರ್ಧರಿಸುತ್ತಾರೆ.

ಬಂದವರಿಗೆಲ್ಲ ಮತ ಕೊಟ್ಟರೆ, ಚುನಾವಣೆಯ ಮುನ್ನಾದಿನ ಜನರನ್ನು ಕೂಡಿಸಿ ತರುವವರು ಗೆಲ್ಲುತ್ತಾರೆಂಬ ಆಕ್ಷೇಪವುಂಟು. ಸಂಘಗಳ ಮಹಾಸಭೆಗಳನ್ನು ಕಂಡ ನಮಗೆ ಇದು ಪೊಳ್ಳು ಭಯವೆನಿಸದು. ಆದರೆ ಇದಕ್ಕೆ ಮದ್ದು ನ್ಯಾಯವಾದ ಅಳತೆ, ಬಾಗಿಲು ಮುಚ್ಚುವುದಲ್ಲ. ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನವು 2021ರ ತನ್ನ ಚುನಾವಣೆಯಲ್ಲಿ ಸಂಪಾದಕರಿಂದ ಒಟ್ಟು 300 ತಿದ್ದುಪಡಿಗಳನ್ನೂ, ಹಿಂದಿನ ಆರು ತಿಂಗಳಲ್ಲಿ 20 ತಿದ್ದುಪಡಿಗಳನ್ನೂ ಕೇಳಿತು. ಕನ್ನಡದಲ್ಲಿ ತಿದ್ದಿದ್ದಕ್ಕೂ ಇಂಗ್ಲಿಷಿನಲ್ಲಿ ತಿದ್ದಿದ್ದಕ್ಕೂ ಒಂದೇ ತೂಕ. 1993ರಲ್ಲಿ ಆರಂಭವಾದ ಡೆಬಿಯನ್ ಯೋಜನೆ, ತಂತ್ರಾಂಶ ಸಿದ್ಧಪಡಿಸುವ ಕೆಲಸದ ಹೊರಗೆ ದುಡಿದವರನ್ನೂ ಪೂರ್ಣ ಸದಸ್ಯರಾಗಿ ಸ್ವಾಗತಿಸಲು 2010ರಲ್ಲಿ ಮತ ಹಾಕಿ ನಿರ್ಣಯಿಸಿತು. ಗ್ನೋಮ್ ಪ್ರತಿಷ್ಠಾನ ಅನುವಾದವನ್ನೂ ಕೊಡುಗೆಯೆಂದೇ ಎಣಿಸುತ್ತದೆ.

ಕಡತದಲ್ಲಿ ಟಿಪ್ಪಣಿ ಬರೆದವನ ಸಹಿಯಿರುತ್ತದೆ, ಅನುವಾದಿಸಿದವನ ಸಹಿಯಿರುವುದಿಲ್ಲ. ಕೇಂದ್ರ ಸರ್ಕಾರದ ಸೇವೆಯಲ್ಲಿ ಇಷ್ಟು ಕಾಲ ಇದನ್ನು ನೋಡುತ್ತ ಬಂದ ನಾನೂ ಅದನ್ನು ಸಹಜವೆಂದೇ ಭಾವಿಸಿದ್ದೆ. ಸಹಜವಲ್ಲ. ತೆರೆಯ ಮೇಲೆ ಒತ್ತಕ್ಷರ ಒಡೆದು ಕಂಡರೆ ಅದನ್ನು ಸರಿಪಡಿಸುವುದು ಮೊದಲ ಕೆಲಸವೋ ಕಡೆಯ ಕೆಲಸವೋ ಎಂಬುದನ್ನು ತೀರ್ಮಾನಿಸುವುದು ಆಡಳಿತ ಮಂಡಳಿ. ಆ ಮಂಡಳಿಯನ್ನು ಆರಿಸುವಲ್ಲಿ ಕನ್ನಡ ಬರೆದವನಿಗೆ ದನಿಯಿಲ್ಲವಾದರೆ ಕನ್ನಡದ ಕೆಲಸ ಸದಾ ಕಡೆಯದೇ ಆದೀತು.

ಎಲ್ಲ ಬಗೆಯ ದುಡಿಮೆಗೂ ಮತವಿರಲಿ. ದುಡಿಮೆ ನಿಂತು ಬಹುಕಾಲವಾದರೆ ಮತವೂ ನಿಲ್ಲಲಿ. ಈ ಎರಡನೆಯ ನಿಯಮವನ್ನು ಆಜೀವ ಸದಸ್ಯರಿಂದ ತುಂಬಿದ ನಮ್ಮ ಸಂಘಗಳೂ ಒಮ್ಮೆ ಪರಿಶೀಲಿಸುವುದೊಳಿತು. ನಾನೂ ಆಜೀವ ಸದಸ್ಯನೇ, ನನ್ನಿಂದಲೇ ಆರಂಭವಾಗಲಿ.