ದನವೋ, ಧನವೋ? ದೊಡ್ಡ ಪರದೆಯನ್ನು ಕೊಳ್ಳುವವರಿಗೆ ಒಂದು ಮಾತು

ಹನೂರಿನ ಕಡೆಯ ಹಳ್ಳಿಯೊಂದರಿಂದ ಕೊಳ್ಳೇಗಾಲದ ಕಾಲೇಜಿಗೆ ಬಂದು ಹೋಗುವ ವಿದ್ಯಾರ್ಥಿಯೊಬ್ಬನು ಕೆಲವು ತಿಂಗಳ ಹಿಂದೆ ನನ್ನ ಮನೆಗೆ ಬಂದನು. ಅವನ ಮುಖ ಸಪ್ಪಗಿದ್ದಿತು. ಎರಡು ವರ್ಷ ಕೂಡಿಟ್ಟ ಹಣದಿಂದ ಅವನು ತನ್ನ ಕಂಪ್ಯೂಟರಿಗೆ ಹೊಸ ಮಾನಿಟರೊಂದನ್ನು ಕೊಂಡಿದ್ದನು. ಪರದೆ 32 ಇಂಚಿನದು. ಸೆಕೆಂಡಿಗೆ 165 ಸಲ ಚಿತ್ರವನ್ನು ಬದಲಿಸತಕ್ಕದ್ದು. ಆಟಕ್ಕೂ ಆಯಿತು, ಓದಿಗೂ ಆಯಿತು, ಮನೆಯವರ ಕೆಲಸಕ್ಕೂ ಆಯಿತು ಎಂಬುದು ಅವನ ಲೆಕ್ಕ. ಆಟವೇನೋ ಸೊಗಸಾಗಿಯೇ ನಡೆಯಿತು. ಆದರೆ ಹಸು ಕೊಳ್ಳುವುದಕ್ಕೆ ಸರ್ಕಾರದ ನೆರವುಂಟೆ ಎಂದು ತಿಳಿಯಲು ಅವನ ತಂದೆ ಪ್ರಕಟಣೆಯೊಂದನ್ನು ಆ ಪರದೆಯ ಮೇಲೆ ಓದಹೊರಟರು. ಇಡೀ ಪುಟ ಒಮ್ಮೆಗೇ ಕಾಣಲೆಂದು ಮಗ ಅದನ್ನು ಕುಗ್ಗಿಸಿ ಇಟ್ಟಿದ್ದನು. “ಸಹಾಯಧನ” ಎಂದಿದ್ದುದನ್ನು ಅವರು “ಸಹಾಯದನ” ಎಂದು ಓದಿದರು. “ಸಹಾಯಕ್ಕೆ ದನವನ್ನೇ ಕೊಡ್ತಾರೇನೋ ಮಗ?” ಎಂದು ಅವರು ಕೇಳಿದಾಗ ಮನೆಯವರೆಲ್ಲ ನಕ್ಕರು. ನಕ್ಕವರು ಬಂದು ನೋಡಿದರೆ ಅವರಿಗೂ ಅದು ದನವಾಗಿಯೇ ಕಂಡಿತು.

“ಸಾರ್, ಕೆಟ್ಟಿರೋದು ನಮ್ಮಪ್ಪನ ಕಣ್ಣೋ, ಮಾನಿಟರೋ?” ಎಂದು ಹುಡುಗ ನನ್ನನ್ನು ಕೇಳಿದನು.

ಎರಡೂ ಕೆಟ್ಟಿರಲಿಲ್ಲ. ಕೊಳ್ಳುವಾಗ ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವನು ಕೇಳಿರಲಿಲ್ಲ, ಅಷ್ಟೆ. ಆಟಕ್ಕೂ ದಿನದ ಕೆಲಸಕ್ಕೂ ಒಂದೇ ಪರದೆಯನ್ನು ಕೊಳ್ಳತಕ್ಕವನು ಮೊದಲು ಅಕ್ಷರವನ್ನು ನೋಡಬೇಕು, ಬಳಿಕ ವೇಗವನ್ನು, ಗಾತ್ರವನ್ನು ಕಟ್ಟಕಡೆಗೆ. ಇದು ನನ್ನ ಅಭಿಪ್ರಾಯ. ಮಾರಾಟದ ಚೀಟಿಗಳಲ್ಲಿ ಈ ಕ್ರಮ ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ. ಹೀಗೇಕೆ ಹೇಳುತ್ತೇನೆಂಬುದನ್ನು ವಿವರಿಸುತ್ತೇನೆ. ಇದಕ್ಕೆ ಪ್ರೌಢಶಾಲೆಯ ಗಣಿತಕ್ಕಿಂತ ಹೆಚ್ಚಿನದೇನೂ ಬೇಕಾಗಿಲ್ಲ.

ಕೊಳ್ಳೇಗಾಲ ರೇಷ್ಮೆಯ ಊರು. ಅಲ್ಲಿ ಸೀರೆಯನ್ನು ಕೊಳ್ಳುವ ಹೆಂಗಸು ಉದ್ದ ಅಗಲಗಳನ್ನಷ್ಟೇ ನೋಡಿ ಹಣ ಕೊಡುವುದಿಲ್ಲ. ಸೆರಗನ್ನು ಬೆಳಕಿಗೆ ಹಿಡಿದು, ನೇಯ್ಗೆ ಒತ್ತಾಗಿದೆಯೆ ಎಂದು ನೋಡುತ್ತಾಳೆ. ಒಂದು ಇಂಚಿನಲ್ಲಿ ಎಳೆಗಳು ಹೆಚ್ಚಾಗಿದ್ದರೆ ಅಂಚಿನ ಹೂವಿನ ಎಸಳು ಎಸಳಾಗಿ ಕಾಣುತ್ತದೆ. ಎಳೆಗಳು ವಿರಳವಾದರೆ ಹೂವು ಮೊಂಡಾಗುತ್ತದೆ. ಕಂಪ್ಯೂಟರಿನ ಪರದೆಯೂ ಒಂದು ಬಗೆಯ ನೇಯ್ಗೆಯೇ. ಹಾಸು ಹೊಕ್ಕುಗಳ ಬದಲು ಅಲ್ಲಿ ಅಡ್ಡಸಾಲು ಉದ್ದಸಾಲುಗಳಲ್ಲಿ ಜೋಡಿಸಿದ ಬೆಳಕಿನ ಬಿಂದುಗಳಿರುತ್ತವೆ. ಪಿಕ್ಸೆಲ್ ಎಂಬುದು ಇವುಗಳ ಹೆಸರು. ಪರದೆಯ ಮೇಲಿನ ಅಕ್ಷರವಾಗಲಿ ಚಿತ್ರವಾಗಲಿ ಈ ಬಿಂದುಗಳಿಂದಲೇ ಆಗಬೇಕು; ಒಂದು ಬಿಂದುವಿಗಿಂತ ಸಣ್ಣದಾದ ಗೀಟನ್ನು ಸ್ಪಷ್ಟವಾಗಿ ತೋರಿಸುವುದಕ್ಕೆ ಸಾಧ್ಯವಿಲ್ಲ.

ಈಗ ಲೆಕ್ಕವನ್ನು ನೋಡೋಣ. ಮಾರುಕಟ್ಟೆಯಲ್ಲಿ ಹೆಚ್ಚಾಗಿ ದೊರೆಯುವ ಪರದೆಗಳಲ್ಲಿ ಬಿಂದುಗಳ ಎಣಿಕೆ ಮೂರು ವಿಧ: 1920×1080, 2560×1440, 3840×2160. ಕಡೆಯದನ್ನು 4ಕೆ ಎಂದು ಕರೆಯುವುದು ರೂಢಿ. ಪರದೆಯ ಅಳತೆಯಾಗಿ ಹೇಳುವ ಇಂಚುಗಳಾದರೋ ಅಗಲವಲ್ಲ, ಕರ್ಣ. ಪೈಥಾಗೊರಸನ ಪ್ರಮೇಯದಿಂದ ಮೊದಲನೆಯ ಬಗೆಯ ಪರದೆಯ ಕರ್ಣದಲ್ಲಿ ಸುಮಾರು 2203 ಬಿಂದುಗಳಿರುತ್ತವೆಂದು ತಿಳಿಯುತ್ತದೆ. ಇದನ್ನು 24ರಿಂದ ಭಾಗಿಸಿದರೆ ಇಂಚಿಗೆ 92 ಬಿಂದುಗಳಾದುವು. 27ರಿಂದ ಭಾಗಿಸಿದರೆ 82. 32ರಿಂದ ಭಾಗಿಸಿದರೆ 69 ಮಾತ್ರ. ಅಂದಮೇಲೆ ನಮ್ಮ ಹುಡುಗನ 32 ಇಂಚಿನ ಪರದೆಯಲ್ಲಿ 24 ಇಂಚಿನ ಪರದೆಗಿಂತ ಒಂದೇ ಒಂದು ಬಿಂದುವೂ ಹೆಚ್ಚಾಗಿರಲಿಲ್ಲ. ಅಷ್ಟೇ ಎಳೆಗಳನ್ನು ಅಗಲವಾದ ಮಗ್ಗದ ಮೇಲೆ ಹರಡಿದಂತಾಗಿದ್ದಿತು. ದೊಡ್ಡ ಪರದೆಯಲ್ಲಿ ಹೆಚ್ಚು ವಿಷಯ ಹಿಡಿಸುತ್ತದೆಂದು ಅವನು ನಂಬಿದ್ದನು. ಹಿಡಿಸುವುದು ಬಿಂದುಗಳ ಎಣಿಕೆಯಿಂದ, ಇಂಚುಗಳಿಂದಲ್ಲ.

ಈ ಕೊರತೆ ಕನ್ನಡವನ್ನು ಓದುವವನಿಗೆ ವಿಶೇಷವಾಗಿ ತಟ್ಟುತ್ತದೆ. ಇಂಗ್ಲಿಷಿನ ಅಕ್ಷರಗಳು ಬಿಡಿಬಿಡಿಯಾಗಿ ಒಂದು ಸಾಲಿನಲ್ಲಿ ನಿಲ್ಲುತ್ತವೆ. ನಮ್ಮ ಅಕ್ಷರಗಳಾದರೋ ಒತ್ತುಗಳನ್ನು ಹೊತ್ತು ಕೆಳಕ್ಕೂ ಬೆಳೆಯುತ್ತವೆ. ದೀರ್ಘಗಳನ್ನು ತೆಗೆದುಕೊಂಡು ಪಕ್ಕಕ್ಕೂ ಬೆಳೆಯುತ್ತವೆ. ದಕಾರಕ್ಕೂ ಧಕಾರಕ್ಕೂ ಇರುವ ಭೇದ ಅಡಿಯಲ್ಲಿನ ಒಂದು ಚಿಕ್ಕ ಗೀಟು. ಪಕಾರದ ಹೊಟ್ಟೆಯಲ್ಲಿ ಒಂದು ಗೆರೆ ಸೇರಿದರೆ ಅದು ಷಕಾರ. ಹದಿನೇಳನೆಯ ಶತಮಾನದ ಕವಿ ಷಡಕ್ಷರದೇವನ ಹೆಸರು ಯಳಂದೂರಿನೊಡನೆ ಸೇರಿಕೊಂಡಿದೆಯಷ್ಟೆ. ಆ ಒಂದು ಗೆರೆ ಮಾಸಿದರೆ ಅವನು ಪಡಕ್ಷರದೇವನಾಗಿಬಿಡುತ್ತಾನೆ! ಅದೇ ಹೆಸರಿನ ನಡುವಿನ ಕ್ಷಕಾರದಲ್ಲಿ ಷಕಾರವು ಒತ್ತಾಗಿ, ಇನ್ನೂ ಸಣ್ಣದಾಗಿ ಕೂತಿದೆ; ಮಾಸುವುದು ಮೊದಲು ಅದೇ.

ಏ4 ಅಳತೆಯ ಪುಟವನ್ನು ಪೂರ್ತಿಯಾಗಿ 1080 ಬಿಂದುಗಳ ಎತ್ತರದಲ್ಲಿ ಅಡಕಮಾಡಿದೆವೆನ್ನಿ. ಸಾಧಾರಣವಾಗಿ ಬಳಸುವ 12 ಪಾಯಿಂಟಿನ ಅಕ್ಷರಕ್ಕೆ, ಒತ್ತಿನ ಜಾಗವೂ ಸೇರಿ, ಹೆಚ್ಚೆಂದರೆ 15 ಬಿಂದುಗಳ ಎತ್ತರ ಸಿಕ್ಕುತ್ತದೆ. ಇದರಲ್ಲಿ ಮಹಾಪ್ರಾಣದ ಗೀಟಿನ ಪಾಲಿಗೆ ಒಂದು ಬಿಂದು ಬಂದರೆ ಪುಣ್ಯ. ಅದೂ ಕಪ್ಪಾಗಿ ಮೂಡದೆ ಬೂದಿಯ ಬಣ್ಣಕ್ಕೆ ತಿರುಗಿ ಮಾಯವಾಗುತ್ತದೆ. ಧನ ದನವಾಗುವುದು ಹೀಗೆ. ಅದೇ ಪುಟಕ್ಕೆ 1440 ಬಿಂದುಗಳ ಎತ್ತರವಿದ್ದರೆ ಅಕ್ಷರಕ್ಕೆ 20 ಬಿಂದುಗಳು, 2160 ಇದ್ದರೆ 30 ಬಿಂದುಗಳು ದೊರೆಯುತ್ತವೆ.

ಇನ್ನು ಕಣ್ಣಿನ ಮಾತು. ಕಣ್ಣಿನ ವೈದ್ಯರ ಗೋಡೆಯ ಮೇಲಿನ ಅಕ್ಷರಪಟವನ್ನು ನೀವು ನೋಡಿರಬಹುದು. ಅದನ್ನು 1862ರಲ್ಲಿ ರಚಿಸಿದವನು ಹಾಲೆಂಡಿನ ವೈದ್ಯ ಹರ್ಮನ್ ಸ್ನೆಲೆನ್. ಒಳ್ಳೆಯ ಕಣ್ಣು ಒಂದು ಅಂಶದ ಅರವತ್ತನೆಯ ಒಂದು ಪಾಲಿನಷ್ಟು ಕೋನದ ವಿವರವನ್ನು ಬಿಡಿಸಿ ನೋಡಬಲ್ಲುದೆಂಬುದು ಆ ಪಟದ ಆಧಾರ. ಮೇಜಿನ ಮುಂದೆ ಕೂತಾಗ ಪರದೆ ನಮ್ಮಿಂದ ಸುಮಾರು 60 ಸೆಂಟಿಮೀಟರು ದೂರದಲ್ಲಿರುತ್ತದೆ. ಅಷ್ಟು ದೂರದಲ್ಲಿ ಈ ಕೋನಕ್ಕೆ ಸರಿಯಾದ ಅಳತೆ 0.17 ಮಿಲಿಮೀಟರು. ಹುಡುಗನ ಪರದೆಯಲ್ಲಿ ಒಂದೊಂದು ಬಿಂದುವೂ 0.37 ಮಿಲಿಮೀಟರು, ಎಂದರೆ ಕಣ್ಣಿನ ಮಿತಿಗೆ ಎರಡರಷ್ಟಕ್ಕಿಂತ ಹೆಚ್ಚು. ಆದುದರಿಂದಲೇ ಅಲ್ಲಿ ಅಕ್ಷರದ ಬಳುಕು ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. 27 ಇಂಚಿನಲ್ಲಿ 2560×1440 ಬಿಂದುಗಳಿದ್ದರೆ ಒಂದೊಂದರ ಅಳತೆ 0.23 ಮಿಲಿಮೀಟರು, ಇಂಚಿಗೆ 109. ಅಕ್ಷರ ನಯವಾಗುತ್ತದೆ.

“ದೂರ ಕೂತರೆ ಸರಿಹೋಗದೆ?” ಎಂದು ಕೇಳಬಹುದು. ಹೋಗುತ್ತದೆ, ಆದರೆ ನಾಲ್ಕು ಅಡಿಗಿಂತ ಹಿಂದಕ್ಕೆ ಸರಿಯಬೇಕು. ಕೈಯಲ್ಲಿ ಆಟದ ಸಾಧನವನ್ನು ಹಿಡಿದು ಮಂಚದ ಮೇಲೆ ಕೂತು ಆಡುವವನಿಗೆ ಅದು ಒಪ್ಪಬಹುದು. ಕೀಲಿಮಣೆಯ ಮುಂದೆ ಕೂತು ಬರೆಯಬೇಕಾದವನಿಗೆ ಒಪ್ಪದು. “ಅಕ್ಷರವನ್ನು ಹಿಗ್ಗಿಸಿಕೊಂಡರೆ?” ಎಂದರೆ, ಅದೂ ಆಗುತ್ತದೆ. ಆದರೆ ಒಂದೂವರೆ ಪಟ್ಟು ಹಿಗ್ಗಿಸಿದರೆ ಪರದೆಯಲ್ಲಿ ಮೊದಲಿದ್ದ ವಿಷಯದ ಅರ್ಧಕ್ಕಿಂತ ಕಡಮೆ ಉಳಿಯುತ್ತದೆ. ದೊಡ್ಡ ಪರದೆಯನ್ನು ಕೊಂಡ ಉದ್ದೇಶವೇ ಅಲ್ಲಿಗೆ ಸೋತಂತಾಯಿತು.

ಹಾಗಾದರೆ ಬಿಂದುಗಳು ಹೆಚ್ಚಿದಷ್ಟೂ ಒಳ್ಳೆಯದೆ? ಕೆಲಸಕ್ಕೆ ಮಾತ್ರವಾದರೆ ಹೌದೆನ್ನಬಹುದಾಗಿತ್ತು. ಆಟ ಬಂದೊಡನೆ ಇನ್ನೊಂದು ಲೆಕ್ಕ ಎದುರಾಗುತ್ತದೆ. 1920×1080ರ ಪರದೆಯಲ್ಲಿರುವ ಬಿಂದುಗಳು ಸುಮಾರು 21 ಲಕ್ಷ. 2560×1440ರಲ್ಲಿ 37 ಲಕ್ಷ. 4ಕೆ ಪರದೆಯಲ್ಲಿ 83 ಲಕ್ಷ. ಆಟದಲ್ಲಿ ಪ್ರತಿಯೊಂದು ಚಿತ್ರಕ್ಕೂ ಇಷ್ಟು ಬಿಂದುಗಳ ಬಣ್ಣವನ್ನು ಕಂಪ್ಯೂಟರು ಹೊಸದಾಗಿ ಕಟ್ಟಬೇಕು. 4ಕೆ ಎಂದರೆ ಮೊದಲನೆಯದರ ನಾಲ್ಕರಷ್ಟು ಹೊರೆ. ಅದನ್ನು ಹೊರಬಲ್ಲ ಗ್ರಾಫಿಕ್ಸ್ ಕಾರ್ಡಿನ ಬೆಲೆ ಪರದೆಯ ಬೆಲೆಯನ್ನೇ ಮೀರಬಹುದು.

ವೇಗದ ವಿಷಯದಲ್ಲಿಯೂ ಭ್ರಮೆಗಳುಂಟು. ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರವನ್ನು ಬದಲಿಸುತ್ತದೆಂಬುದನ್ನು ಹರ್ಟ್ಸ್ ಎಂಬ ಮಾನದಿಂದ ಹೇಳುತ್ತಾರೆ. 60 ಹರ್ಟ್ಸ್ ಆದರೆ ಒಂದು ಚಿತ್ರ ಸುಮಾರು 17 ಮಿಲಿಸೆಕೆಂಡು ನಿಲ್ಲುತ್ತದೆ. 144 ಆದರೆ 7. 240 ಆದರೆ 4. ಮೊದಲ ಜಿಗಿತದಲ್ಲಿ ಉಳಿದದ್ದು ಹತ್ತು ಮಿಲಿಸೆಕೆಂಡು, ಎರಡನೆಯದರಲ್ಲಿ ಮೂರೇ. 60ರಿಂದ 144ಕ್ಕೆ ಏರಿದವನಿಗೆ ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ಆಟದಲ್ಲಿಯಲ್ಲದೆ, ಉದ್ದವಾದ ಪುಟವನ್ನು ಸರಿಸಿ ಓದುವಾಗಲೂ ಕಣ್ಣಿಗೆ ಹಿತವಾಗುತ್ತದೆ. ಆದಕಾರಣ ಆಟದವರು ಬಯಸುವ ವೇಗವನ್ನು ಬರಿಯ ಷೋಕಿಯೆಂದು ಹಿರಿಯರು ತಳ್ಳಿಹಾಕಬಾರದು. ಆದರೆ 144ರಿಂದ 240ಕ್ಕೆ ಏರಲು ತೆರುವ ಹಣ ಮನೆಯ ವಿದ್ಯಾರ್ಥಿಗೆ ದಂಡವೆಂದೇ ನನ್ನೆಣಿಕೆ. ಕಂಪ್ಯೂಟರು ಸೆಕೆಂಡಿಗೆ 70 ಚಿತ್ರಗಳನ್ನು ಮಾತ್ರ ಕಟ್ಟಿಕೊಡಬಲ್ಲುದಾದರೆ, ಪರದೆಗೆ 240ರ ಶಕ್ತಿಯಿದ್ದರೂ ಆಟದಲ್ಲಿ ಕಾಣುವ ಹೊಸ ಚಿತ್ರಗಳು 70 ಮಾತ್ರ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ಉತ್ತರ ತಾನಾಗಿ ಹೊರಡುತ್ತದೆ. ಆಟ, ಓದು, ಮನೆಗೆಲಸ ಮೂರಕ್ಕೂ ಒಂದೇ ಪರದೆ ಬೇಕಾದವರಿಗೆ 27 ಇಂಚು, 2560×1440 ಬಿಂದುಗಳು, 100ರಿಂದ 165 ಹರ್ಟ್ಸ್, ಇದು ಹದವಾದ ಜೋಡಣೆ. ಹಿರಿಯರು ಓದುವಾಗ ಅಕ್ಷರವನ್ನು ಕಾಲುಪಾಲು ಹಿಗ್ಗಿಸಿಕೊಂಡರೂ ಇದರಲ್ಲಿ ಜಾಗ ಸಾಲುತ್ತದೆ. ಹಣ ಸಾಲದಿದ್ದರೆ ಸಂಕೋಚವಿಲ್ಲದೆ 24 ಇಂಚಿನ 1920×1080ರ ಪರದೆಗೆ ಇಳಿಯಬೇಕು. ದೊಡ್ಡದೆಂಬ ಆಸೆಯಿಂದ ಅಷ್ಟೇ ಬಿಂದುಗಳ 32 ಇಂಚಿಗೆ ಏರಬಾರದು. 32 ಇಂಚೇ ಬೇಕೆನ್ನುವವರು 4ಕೆ ಪರದೆಯನ್ನೂ ಅದಕ್ಕೆ ತಕ್ಕ ಕಂಪ್ಯೂಟರನ್ನೂ ಒಟ್ಟಿಗೆ ಲೆಕ್ಕಹಾಕಬೇಕು. ಪರದೆಯ ಜಾತಿಗಳಲ್ಲಿ ಐಪಿಎಸ್ ಎಂಬುದು ಪಕ್ಕದಿಂದ ನೋಡಿದರೂ ಬಣ್ಣಗೆಡುವುದು ಕಡಮೆ. ನಾಲ್ಕು ಮಂದಿ ಸುತ್ತ ಕೂತು ನೋಡುವ ಮನೆಗೆ ಅದೇ ಅನುಕೂಲ. ವಿಎ ಎಂಬುದರಲ್ಲಿ ಕಪ್ಪು ಹೆಚ್ಚು ಕಪ್ಪಾಗಿ ಕಾಣುತ್ತದಾದರೂ ಕತ್ತಲೆಯ ದೃಶ್ಯಗಳು ವೇಗವಾಗಿ ಸರಿಯುವಾಗ ಕೆಲವಲ್ಲಿ ನೆರಳು ಎಳೆದಂತಾಗುತ್ತದೆ. ನಿಮ್ಮ ಕಂಪ್ಯೂಟರಿನ ಹಿಂಬದಿಯ ಕಿಂಡಿಯನ್ನೂ ವಿಚಾರಿಸಿಕೊಳ್ಳಿ. ಹಳೆಯ ಎಚ್‌ಡಿಎಂಐ ಕಿಂಡಿಯಾದರೆ ಹೊಸ ಪರದೆಯ ಪೂರ್ಣ ವೇಗ ಅದರಲ್ಲಿ ಹರಿಯದೆ ಹೋಗಬಹುದು.

ಕೊಳ್ಳೇಗಾಲದಲ್ಲಿಯೇ ಕೊಳ್ಳಿರಿ, ಮೈಸೂರಿಗೆ ಹೋಗಿ ಕೊಳ್ಳಿರಿ, ಒಂದು ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ದನ, ಧನ, ರಾಷ್ಟ್ರ, ಲಕ್ಷ್ಮಿ, ಷಡಕ್ಷರಿ ಎಂಬ ಮಾತುಗಳಿರುವ ಕನ್ನಡದ ಪುಟವೊಂದನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಪರದೆಯಿಂದ ಒಂದು ತೋಳಿನ ದೂರದಲ್ಲಿ ಕೂತು, ಇಡೀ ಪುಟವನ್ನು ತೆರೆದು ಓದಿರಿ. ಅಂಗಡಿಯವರು ತೋರಿಸುವ ಬಣ್ಣಬಣ್ಣದ ಕಡಲು, ಕಾರು, ಹಕ್ಕಿಗಳಲ್ಲಿ ಈ ದೋಷ ಹೊರಬೀಳುವುದಿಲ್ಲ. ಅಂಚೆಯಲ್ಲಿ ತರಿಸುವವರಿಗೆ ಈ ಅನುಕೂಲವಿಲ್ಲ. ಅವರು ಮೇಲಿನ ಭಾಗಾಕಾರವನ್ನು ಮಾಡಿ, ಇಂಚಿಗೆ 90ಕ್ಕಿಂತ ಕಡಮೆ ಬಂದುದನ್ನು ಬಿಟ್ಟುಬಿಡುವುದು ಲೇಸು.

ನನ್ನ ಬೇಡಿಕೆ ಇನ್ನೊಂದುಂಟು. ಪೆಟ್ಟಿಗೆಯ ಮೇಲೆ ಇಂಚನ್ನೂ ಹರ್ಟ್ಸನ್ನೂ ದಪ್ಪ ಅಕ್ಷರದಲ್ಲಿ ಅಚ್ಚುಮಾಡುವವರು ಇಂಚಿಗೆ ಎಷ್ಟು ಬಿಂದುಗಳು, ಎಷ್ಟು ದೂರ ಕೂತು ನೋಡತಕ್ಕದ್ದು ಎಂಬ ಎರಡು ಅಂಕಿಗಳನ್ನೂ ಅದೇ ದಪ್ಪದಲ್ಲಿ ಅಚ್ಚುಮಾಡಲಿ. ನಮ್ಮ ಶಾಲೆ ಕಾಲೇಜುಗಳವರು ಪ್ರಯೋಗಶಾಲೆಗೆ ಪರದೆಗಳನ್ನು ತರಿಸುವಾಗ ಕನ್ನಡದ ಪುಟವನ್ನಿಟ್ಟು ಪರೀಕ್ಷಿಸಲಿ. ಹನೂರು, ಯಳಂದೂರುಗಳ ಎಷ್ಟೋ ಮನೆಗಳಲ್ಲಿ ಪಹಣಿಯನ್ನು ತೆಗೆಯುವುದು, ಅರ್ಜಿಯನ್ನು ತುಂಬುವುದು, ಪರೀಕ್ಷೆಯ ಫಲಿತಾಂಶವನ್ನು ನೋಡುವುದು ಮಕ್ಕಳ ಕೆಲಸವಾಗಿದೆ. ಅಲ್ಲಿ ಒಂದು ಗೀಟು ತಪ್ಪಿ ಕಂಡರೆ ಯಾವಾಗಲೂ ನಗೆಯಲ್ಲಿಯೇ ಮುಗಿಯುತ್ತದೆಂದು ಹೇಳಲಾಗದು.

ಆ ಹುಡುಗನ ಪರದೆಯನ್ನು ಹಿಂದಿರುಗಿಸುವ ಗಡುವು ಮೀರಿಹೋಗಿದ್ದಿತು. ನಾವಿಬ್ಬರೂ ಸೇರಿ ಮೇಜನ್ನು ಮುಂದಕ್ಕೆಳೆದು, ಹಿಂದಿನ ಗೋಡೆಗೆ ಒಂದು ಹಲಗೆಯನ್ನು ಹೊಡೆದು ಪರದೆಯನ್ನು ಅದರ ಮೇಲೆ ಕೂರಿಸಿದೆವು. ಅಕ್ಷರಗಳನ್ನು ಒಂದೂವರೆ ಪಟ್ಟು ಹಿಗ್ಗಿಸಿದೆವು. ಅವನ ತಂದೆ ಕನ್ನಡಕವನ್ನು ಏರಿಸಿಕೊಂಡು “ಸಹಾಯಧನ” ಎಂದು ನಿಧಾನವಾಗಿ, ಮಹಾಪ್ರಾಣ ಸಹಿತವಾಗಿ ಓದಿದರು. ಅರ್ಜಿಯ ಕೆಳಗಿನ ಅರ್ಧ ಪರದೆಯ ಹೊರಗೆ ಉಳಿಯಿತು. ಹುಡುಗನು ಅದನ್ನು ಮೇಲಕ್ಕೆ ಸರಿಸುತ್ತ, ಕೈಗೆ ಸಿಕ್ಕಿದ ಕಾಗದದ ಮೇಲೆ 2203ನ್ನು 32ರಿಂದ ಭಾಗಿಸುತ್ತಿದ್ದನು.