ತೂಗಿ ಕೊಳ್ಳಬೇಕಾದ ಮರ

ಧಾನ್ಯವನ್ನು ಅಳೆದು, ಬೆಲ್ಲವನ್ನು ತೂಗಿ, ಮರವನ್ನು ಘನ ಅಡಿಯ ಲೆಕ್ಕದಲ್ಲಿ ಕೊಳ್ಳುವುದು ಲೋಕರೂಢಿ. ತೇಗ, ಹೊನ್ನೆ, ಮತ್ತಿಗಳ ವಿಷಯದಲ್ಲಿ ಈ ರೂಢಿಯಿಂದ ಯಾರೂ ಕೆಟ್ಟವರಿಲ್ಲ. ಆದರೆ ಮಾದರಿ ವಿಮಾನಗಳ ರಚನೆಗೆ ಬಳಸುವ ಬಾಲ್ಸಾ ಮರಕ್ಕೂ ಇದೇ ರೂಢಿಯನ್ನು ಅನ್ವಯಿಸಿದರೆ ಕೊಟ್ಟ ಹಣವೂ ಪಟ್ಟ ಶ್ರಮವೂ ಒಟ್ಟಿಗೆ ವ್ಯರ್ಥವಾಗುತ್ತವೆ. ಎನ್.ಸಿ.ಸಿ.ಯ ವಾಯುದಳ ವಿಭಾಗದ ಶಿಕ್ಷಣದಲ್ಲಿ ಮಾದರಿ ವಿಮಾನ ನಿರ್ಮಾಣಕ್ಕೆ ಸ್ಥಾನವುಂಟು; ಚುರುಕಾದ ವಿಜ್ಞಾನ ಸಂಘಗಳಿರುವ ಶಾಲೆಗಳಲ್ಲಿಯೂ ಈ ಹವ್ಯಾಸವುಂಟು. ಇದಕ್ಕಾಗಿ ಉದಾರಿಗಳು ಕೊಡುವ ಹಣ ಯಾವ ಬಗೆಯ ಮರವಾಗಿ ಶಾಲೆಯ ಹೊಸ್ತಿಲನ್ನು ದಾಟುತ್ತದೆ ಎಂಬುದು ವಿಚಾರಾರ್ಹವಾದ ಸಂಗತಿ.

ಬಾಲ್ಸಾ ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣಪ್ರದೇಶದ ವೃಕ್ಷ. ನಮ್ಮ ನಾಡಿನ ಬೂರುಗದ ದೂರದ ಬಂಧು. ಸ್ಪ್ಯಾನಿಷ್ ಭಾಷೆಯಲ್ಲಿ ಈ ಶಬ್ದಕ್ಕೆ ತೆಪ್ಪವೆಂದೇ ಅರ್ಥ. ಅದು ಅನ್ವರ್ಥನಾಮವೆಂಬುದನ್ನು 1947ರಲ್ಲಿ ಥಾರ್ ಹೆಯರ್ಡಾಲ್ ಮತ್ತು ಸಂಗಡಿಗರು ಬಾಲ್ಸಾ ದಿಮ್ಮಿಗಳ ತೆಪ್ಪದ ಮೇಲೆ ಪೆರು ದೇಶದಿಂದ ಪಾಲಿನೇಷ್ಯಾದವರೆಗೆ 101 ದಿನ ತೇಲಿಹೋಗಿ ಲೋಕಕ್ಕೆ ತೋರಿಸಿಕೊಟ್ಟರು. ಅದಕ್ಕೂ ಮೊದಲು, 1940ರಲ್ಲಿ ಪ್ರಥಮ ಹಾರಾಟ ನಡೆಸಿದ ಇಂಗ್ಲೆಂಡಿನ ಮಾಸ್ಕಿಟೋ ಯುದ್ಧವಿಮಾನದ ಒಡಲು ಎರಡು ಪದರ ಪ್ಲೈವುಡ್ಡಿನ ನಡುವೆ ಬಾಲ್ಸಾವನ್ನಿಟ್ಟು ರಚಿತವಾಗಿತ್ತು. ಆದುದರಿಂದ ಇದು ಕೇವಲ ಆಟಿಕೆಯ ಮರವೆಂದು ಅಲಕ್ಷಿಸುವುದು ತರವಲ್ಲ.

ಈ ಮರದ ವಿಶೇಷವೆಂದರೆ ಅದರ ತೂಕದ ಅಸ್ಥಿರತೆ. ಒಂದು ಘನ ಮೀಟರಿಗೆ 100 ಕಿಲೋಗ್ರಾಂ ತೂಗುವ ಬಾಲ್ಸಾ ಉಂಟು, 160 ತೂಗುವುದುಂಟು, 240ನ್ನು ಮುಟ್ಟುವುದೂ ಉಂಟು. ಒಂದೇ ಮರದ ಬೇರೆ ಬೇರೆ ಭಾಗಗಳಲ್ಲಿಯೇ ತೂಕ ವ್ಯತ್ಯಾಸವಾಗುತ್ತದೆ. 1.5 ಮಿಲಿಮೀಟರ್ ದಪ್ಪ, 100 ಮಿಲಿಮೀಟರ್ ಅಗಲ, 1 ಮೀಟರ್ ಉದ್ದದ ಹಲಗೆಯೊಂದರ ಗಾತ್ರ 150 ಘನ ಸೆಂಟಿಮೀಟರ್. ಹಗುರ ಜಾತಿಯದಾದರೆ ಅದರ ತೂಕ 15 ಗ್ರಾಂ, ಮಧ್ಯಮವಾದರೆ 24, ಭಾರದ್ದಾದರೆ 36. ಅಳತೆ ಒಂದೇ, ಬಣ್ಣ ಬಹುಮಟ್ಟಿಗೆ ಒಂದೇ, ಅನೇಕ ಅಂಗಡಿಗಳಲ್ಲಿ ಬೆಲೆಯೂ ಒಂದೇ. ಹೊರೆ ಮಾತ್ರ ಎರಡೂವರೆ ಪಾಲಿಗೆ ಸಮೀಪ! ಎಂಜಿನ್ನಿಲ್ಲದೆ ಗಾಳಿಯ ಕೃಪೆಯಿಂದಲೇ ತೇಲಬೇಕಾದ ಗ್ಲೈಡರಿಗೆ ಈ ಅಂತರವೇ ಅಳಿವು ಉಳಿವಿನ ಪ್ರಶ್ನೆ. ತಿಂಗಳುಗಟ್ಟಲೆ ಶ್ರಮಿಸಿ ಕಟ್ಟಿದ ವಿಮಾನ ಕೈಬಿಟ್ಟೊಡನೆ ಮೂಗುಮುರಿದು ಬಿದ್ದಾಗ, ಬಾಲಕನು ತನ್ನ ಕೈಗುಣವನ್ನೇ ದೂಷಿಸಿಕೊಳ್ಳುತ್ತಾನೆ. ದೋಷ ಮರದ ಖರೀದಿಯಲ್ಲಿತ್ತೆಂದು ಅವನಿಗೆ ತಿಳಿಸುವವರಾರು?

ಮೂರು ಕೊಟೇಷನ್ನುಗಳನ್ನು ತರಿಸಿ, ಕನಿಷ್ಠ ದರದ್ದನ್ನು ಅಂಗೀಕರಿಸುವ ಪದ್ಧತಿ ಸಾರ್ವಜನಿಕ ಹಣದ ರಕ್ಷಣೆಗಾಗಿ ಏರ್ಪಟ್ಟುದು. ಅದನ್ನು ಹಳಿಯಬೇಕಾದುದಿಲ್ಲ. ಆದರೆ ‘ಬಾಲ್ಸಾ ಹಲಗೆ, 12’ ಎಂದಷ್ಟೇ ಬರೆದು ದರ ಕೇಳಿದರೆ, ಉಳಿದವರು ಆರಿಸಿಟ್ಟು ಹೋದ ಭಾರದ ಹಲಗೆಗಳೇ ಕನಿಷ್ಠ ದರಕ್ಕೆ ಬರುವುದರಲ್ಲಿ ಆಶ್ಚರ್ಯವೇನು? ಅದೇ ಪತ್ರದಲ್ಲಿ ‘ಹಲಗೆಯೊಂದಕ್ಕೆ 18 ಗ್ರಾಂ ಮೀರತಕ್ಕದ್ದಲ್ಲ’ ಎಂಬ ಒಂದು ವಾಕ್ಯವನ್ನು ಸೇರಿಸಿದರೆ ಮೂವರು ವ್ಯಾಪಾರಿಗಳೂ ಒಂದೇ ವಸ್ತುವಿಗೆ ದರ ಹೇಳಬೇಕಾಗುತ್ತದೆ. ಆಗ ಕನಿಷ್ಠ ದರವೇ ನ್ಯಾಯವಾದ ದರವೂ ಆಗುತ್ತದೆ. ಲೆಕ್ಕತಪಾಸಣೆಯವರಿಗೂ ಆಕ್ಷೇಪಕ್ಕೆ ಎಡೆಯಿರುವುದಿಲ್ಲ.

‘ಒಂದು ಡಜನ್ ಇರಲಿ’ ಎಂಬುದು ಅಂದಾಜಲ್ಲ, ಅಂದಾಜಿನ ಅಭಾವ. ನಿಜವಾದ ಅಂದಾಜು ನಕ್ಷೆಯಿಂದ ಹೊರಡತಕ್ಕದ್ದು. ರೆಕ್ಕೆಗಳ ಒಟ್ಟು ಹರವು 90 ಸೆಂಟಿಮೀಟರ್, ರೆಕ್ಕೆಯ ಅಗಲ 12 ಸೆಂಟಿಮೀಟರ್ ಇರುವ ಗ್ಲೈಡರೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. 5 ಸೆಂಟಿಮೀಟರಿಗೊಂದರಂತೆ ಪಕ್ಕೆಲುಬುಗಳನ್ನಿಟ್ಟರೆ ಎಡೆಗಳು 18, ಪಕ್ಕೆಲುಬುಗಳು 19. ಎರಡು ರೆಕ್ಕೆಗಳು ಕೂಡುವ ನಡುವೆ ಜೋಡಿ ಬೇಕಾದುದರಿಂದ 20. ಎಡೆಗಳ ಎಣಿಕೆಗೆ ಒಂದನ್ನು ಕೂಡಿಸಲು ಮರೆಯುವ ತಪ್ಪು ಬೇಲಿಯ ಕಂಬಗಳನ್ನೆಣಿಸುವವರ ಹಳೆಯ ತಪ್ಪೇ ಆಗಿದೆ. ಒಂದೊಂದಕ್ಕೆ 1.4 ಸೆಂಟಿಮೀಟರ್ ಎತ್ತರವನ್ನು ಬಿಟ್ಟುಕೊಂಡರೆ ಹಲಗೆಯ 10 ಸೆಂಟಿಮೀಟರ್ ಅಗಲದಲ್ಲಿ 7 ಹಿಡಿಯುತ್ತವೆ. ಉದ್ದದಲ್ಲಿ 12 ಸೆಂಟಿಮೀಟರಿನ ಮೂರು ಸಾಲುಗಳಾದರೆ 21 ದೊರೆಯುತ್ತವೆ. ಎಂದರೆ ಹಲಗೆಯ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಸಾಕು. ಆದರೆ ಮರದ ಎಳೆ ಪಕ್ಕೆಲುಬಿನ ಉದ್ದಕ್ಕೇ ಸಾಗಬೇಕು. ಜಾಗ ಉಳಿಸುವ ಆಸೆಯಿಂದ ಚೂರುಗಳಲ್ಲಿ ಅಡ್ಡ ಎಳೆಗೆ ಕತ್ತರಿಸಿದ ಪಕ್ಕೆಲುಬು ಬೆರಳು ತಾಕಿದರೆ ಮುರಿಯುತ್ತದೆ. ತೆಳು ಹಲಗೆಯಲ್ಲಿ ಹೊಸಬರ ಕೈ ತಪ್ಪುವುದು ಸಹಜವಾದುದರಿಂದ ಅಲ್ಲಿ ಒಂದು ಹಲಗೆಯನ್ನು ಅಧಿಕವಾಗಿ ಕೊಳ್ಳಬೇಕು. ದಪ್ಪದ ಪಟ್ಟಿಗಳಿಗೆ ಹತ್ತರಲ್ಲೊಂದು ಪಾಲು ಹೆಚ್ಚು ಹಿಡಿದರೆ ಸಾಕು. ಗಣಿತದ ಉಪಾಧ್ಯಾಯರಿಗೆ ಇದಕ್ಕಿಂತ ಸಜೀವವಾದ ಕ್ಷೇತ್ರಗಣಿತದ ಪಾಠ ದೊರೆಯಲಾರದು.

ಹಾಗೆಂದು ಎಲ್ಲವೂ ಹಗುರವಾಗಿರಬೇಕೆಂಬುದೂ ಅವಿವೇಕವೇ. ರೆಕ್ಕೆಯ ಉದ್ದಕ್ಕೂ ಸಾಗಿ ಭಾರ ಹೊರುವ ತೊಲೆಗೆ ಗಡುಸಾದ, ನೇರ ಎಳೆಯ ಮರವೇ ಆಗಬೇಕು. ಎಡಬಲದ ತೊಲೆಗಳೆರಡನ್ನೂ ಒಂದೇ ಹಲಗೆಯಿಂದ ಸೀಳಿಕೊಂಡರೆ ರೆಕ್ಕೆಗಳು ಸಮತೂಕವಾಗಿರುತ್ತವೆ. ಬಾಲಕ್ಕೆ ಮಾತ್ರ ಅತ್ಯಂತ ಹಗುರವಾದುದನ್ನು ಮೀಸಲಿಡಬೇಕು. ನೀಳವಾದ ಹಿಂಬದಿಯ ತುದಿಯಲ್ಲಿ ಒಂದು ಗ್ರಾಂ ಹೆಚ್ಚಿದರೆ ಅದನ್ನು ಸರಿದೂಗಿಸಲು ಮೂಗಿನಲ್ಲಿ ಹಲವು ಗ್ರಾಂ ಸೀಸ ಸೇರಿಸಬೇಕಾಗುತ್ತದೆ. ಎಳೆಯ ಬಗೆಯನ್ನೂ ನೋಡಬೇಕು. ಮೈಮೇಲೆ ಮಚ್ಚೆಮಚ್ಚೆಯಾಗಿ ಹೊಳೆಯುವ ಹಲಗೆ ಬಾಗುವುದಿಲ್ಲ, ಪಕ್ಕೆಲುಬಿಗೆ ಅದು ಶ್ರೇಷ್ಠ; ಉದ್ದನೆಯ ಗೆರೆಗಳಿರುವುದು ಸುಲಭವಾಗಿ ಬಾಗುತ್ತದೆ, ದುಂಡಾದ ಮೈಗೆ ಹೊದಿಸಲು ಅದೇ ಯೋಗ್ಯ. ನುರಿತ ಬಡಗಿ ಮರವನ್ನು ಬೆರಳಿನಿಂದ ತಟ್ಟಿ ನೋಡುವಂತೆ, ಹುಡುಗನೂ ಹಲಗೆಯನ್ನು ತಕ್ಕಡಿಯಲ್ಲಿಟ್ಟು, ಅಂಚಿನಗುಂಟ ಕಣ್ಣು ಹಾಯಿಸಿ ಸೊಟ್ಟನ್ನು ಪರೀಕ್ಷಿಸಿ ಆರಿಸಬೇಕು. ಸಮಿತಿಯ ಸದಸ್ಯರೊಡನೆ ಒಬ್ಬಿಬ್ಬರು ವಿದ್ಯಾರ್ಥಿಗಳನ್ನೂ ಅಂಗಡಿಗೆ ಕರೆದೊಯ್ಯುವುದರಿಂದ ಯಾರ ಗೌರವಕ್ಕೂ ಕುಂದಿಲ್ಲ.

ಯಂತ್ರದಿಂದ ಕತ್ತರಿಸಿದ ಸಿದ್ಧ ಭಾಗಗಳ ಪೆಟ್ಟಿಗೆಗಳು ದೊರೆಯುವಾಗ ಈ ತೊಡಕೇಕೆ ಎಂದು ಕೇಳುವವರಿದ್ದಾರೆ. ಮೊದಲ ವಿಮಾನಕ್ಕೆ ಅದು ಆಗಬಹುದು. ಥರ್ಮೊಕೋಲಿನಂತಹ ಅಗ್ಗದ ವಸ್ತುವೂ ಆಗಬಹುದು. ಎರಡನೆಯ ವಿಮಾನವನ್ನೂ ಪೆಟ್ಟಿಗೆಯಿಂದಲೇ ಜೋಡಿಸಿದವನು ಅಂಟುವುದನ್ನು ಕಲಿತಾನು, ಕಟ್ಟುವುದನ್ನು ಕಲಿಯಲಾರ. ಮಿತವ್ಯಯಕ್ಕೆ ಇನ್ನೊಂದು ಕಾರಣವೂ ಉಂಟು. ಲೋಕಕ್ಕೆ ಬಾಲ್ಸಾವನ್ನು ಅತ್ಯಧಿಕವಾಗಿ ಒದಗಿಸುವ ದೇಶ ಎಕ್ವಡಾರ್. ಗಾಳಿಯಿಂದ ವಿದ್ಯುತ್ತನ್ನು ಉತ್ಪಾದಿಸುವ ಯಂತ್ರಗಳ ಅಲಗುಗಳ ಒಳತಿರುಳಿಗಾಗಿ 2020ರ ಸುಮಾರಿಗೆ ಈ ಮರಕ್ಕೆ ಬೇಡಿಕೆ ಉಕ್ಕಿ, ಬೆಲೆ ಏರಿ, ಅಲ್ಲಿಯ ಅಮೆಜಾನ್ ಕಾಡಿನ ಮೂಲನಿವಾಸಿಗಳ ನೆಲದಲ್ಲಿಯೂ ಕೊಡಲಿ ಆಡಿತು. ನೆಟ್ಟು ಬೆಳೆಸಿದರೆ ಆರೆಂಟು ವರ್ಷಗಳಲ್ಲೇ ಕೊಯ್ಲಿಗೆ ಬರುವ ಮರಕ್ಕೆ ಈ ಗತಿ! ಅಷ್ಟು ದೂರದಿಂದ ಬಂದ ಹಲಗೆಯ ಅರ್ಧಭಾಗ ಕಸದ ಬುಟ್ಟಿಗೆ ಸೇರುವುದು ಶೋಭಿಸದು.

ಗಾಜಿನ ಕಪಾಟಿನಲ್ಲಿಡುವ ಸಿದ್ಧ ಮಾದರಿಯನ್ನು ಕೊಂಡು ಹೆಸರಿನ ಫಲಕದೊಡನೆ ಅರ್ಪಿಸುವ ದಾನಿಗಳು ಅದರ ಬದಲು ಪ್ರತಿವರ್ಷ ಒಂದು ಕಟ್ಟು ಬಾಲ್ಸಾವನ್ನೂ, ಗ್ರಾಂ ತೋರುವ ಒಂದು ತಕ್ಕಡಿಯನ್ನೂ ಕೊಟ್ಟರೆ ಹೆಚ್ಚು ಉಪಕಾರ. ದಾಸ್ತಾನು ಪುಸ್ತಕದಲ್ಲಿ ಉದ್ದ, ಅಗಲ, ದಪ್ಪಗಳ ಪಕ್ಕದಲ್ಲಿ ತೂಕಕ್ಕೊಂದು ಕಲಮು ಇರಲಿ. ಪ್ರತಿ ಹಲಗೆಯ ಮೂಲೆಯಲ್ಲಿ ಅದರ ತೂಕವನ್ನು ಪೆನ್ಸಿಲಿನಿಂದ ಬರೆದಿಡಲಿ. ಉಳಿದ ಹಲಗೆಗಳನ್ನು ಗೋಡೆಗೆ ಒರಗಿಸದೆ, ಮಳೆಗಾಲದ ತೇವ ತಾಕದ ಕಪಾಟಿನಲ್ಲಿ ಮಟ್ಟಸವಾಗಿ ಮಲಗಿಸಿ, ಮೇಲೆ ಒಂದು ಭಾರವಾದ ಮಣೆಯನ್ನು ಹೇರಿಡಬೇಕು.